ಹಗೇವಿನ ಮೇಲೆ ಮನೆ, ಮನೆಯ ಮೇಲೆ ನಕ್ಷೆ

ನರಗುಂದದ ಹಳೆಯ ಊರಿನಲ್ಲಿ ಹಗೇದಕಟ್ಟಿ ಎಂಬ ಓಣಿಯೊಂದಿದೆ. ಜೋಳದ ಸೀಮೆಯವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಮೈಗೆ ಒಣಹುಲ್ಲು, ಹೊಟ್ಟು ಹಾಸಿ, ಸುಗ್ಗಿಯ ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಗಾಳಿಯಾಡದ ಆ ಕತ್ತಲೆಯಲ್ಲಿ ಹುಳು ಬದುಕುತ್ತಿರಲಿಲ್ಲ. ಮನುಷ್ಯನೂ ಬದುಕಲಾರ ಎಂಬುದನ್ನು ಬಲ್ಲ ಹಿರಿಯರು ಹಗೇವು ತೆರೆದ ಕೂಡಲೇ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಮೊದಲು ದೀಪ ಇಳಿಸಿ, ಅದು ಆರದೆ ಉರಿಯುತ್ತದೆಯೇ ಎಂದು ನೋಡುತ್ತಿದ್ದರು.

ಹಗೇವಿಗೆ ಬೇಕಾದುದು ಎರಡು ಗುಣಗಳ ನೆಲ. ಅದು ಗಟ್ಟಿಯಾಗಿರಬೇಕು, ಒಣಗಿರಬೇಕು. ಆದ್ದರಿಂದಲೇ ಊರಿನ ಎತ್ತರದ ಭಾಗವನ್ನು, ನೀರು ನಿಲ್ಲದ ಕಟ್ಟೆಯನ್ನು ಅದಕ್ಕೆ ಆರಿಸುತ್ತಿದ್ದರು. ಕಾವಲಿಗೂ ಅದು ಅನುಕೂಲ. ಹೀಗೆ ಊರಿನ ನಡುವಿನ ಒಂದು ಜಾಗ ಧಾನ್ಯಕ್ಕಾಗಿಯೇ ಮೀಸಲಾಗುತ್ತಿತ್ತು. ಕಾಲ ಬದಲಾಯಿತು. ಗೋಣಿಚೀಲ ಬಂತು, ಗೋದಾಮು ಬಂತು, ಮಾರುಕಟ್ಟೆ ಪ್ರಾಂಗಣ ಬಂತು. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಹತ್ತಿ, ಗೋವಿನಜೋಳ ಬಂದವು. ಹಗೇವುಗಳು ಬರಿದಾದವು. ಚಪ್ಪಡಿಯ ಮೇಲೆ ಮಣ್ಣು ಬಿತ್ತು, ಮಣ್ಣಿನ ಮೇಲೆ ರಸ್ತೆ ಬಂತು, ಮನೆಗಳೆದ್ದವು. ಹೆಸರು ಮಾತ್ರ ಉಳಿಯಿತು.

2019ರಿಂದೀಚೆಗೆ ನರಗುಂದದ ಹಲವು ಓಣಿಗಳಲ್ಲಿ ನೆಲ ಕುಸಿಯತೊಡಗಿದಾಗ ಆ ಹೆಸರಿನ ಅರ್ಥ ಎಲ್ಲರಿಗೂ ಮತ್ತೆ ನೆನಪಾಯಿತು. ಮನೆಯ ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ, ನಡುರಸ್ತೆಯಲ್ಲಿ ಏಕಾಏಕಿ ಗುಂಡಿಗಳು ಬಾಯ್ದೆರೆದವು. ಕಾರಣ ಹುಡುಕಿದವರು ಮುಖ್ಯವಾಗಿ ಎರಡು ಸಂಗತಿಗಳತ್ತ ಬೆರಳು ತೋರಿದರು: ನೆಲದಡಿಯ ಹಳೆಯ ಹಗೇವುಗಳು ಮತ್ತು ಮೇಲೇರಿದ ಅಂತರ್ಜಲ.

ಇದನ್ನು ನಿಸರ್ಗದ ಮುನಿಸೆಂದು ಹೇಳಿ ಮುಗಿಸುವಂತಿಲ್ಲ. ಊರಿನೊಳಗೆ ಧಾನ್ಯದ ಜಾಗ ವಾಸದ ಜಾಗವಾಯಿತು. ಊರ ಹೊರಗೆ ಒಣಬೇಸಾಯದ ಹೊಲ ನೀರಾವರಿಯ ಹೊಲವಾಯಿತು. ನೆಲದ ಬಳಕೆ ಎರಡು ಕಡೆ ಬದಲಾಯಿತು, ಎರಡೂ ಬದಲಾವಣೆಗಳು ಭೂಮಿಯೊಳಗೆ ಸಂಧಿಸಿದವು. ಸರ್ಕಾರಿ ಕಡತಗಳಲ್ಲಿ ‘ಭೂಬಳಕೆ ಬದಲಾವಣೆ’ ಎಂಬ ಒಣ ಮಾತಿನಲ್ಲಿ ಅಡಗಿರುವ ವಿಷಯ ಇದೇ. ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡ ಪಟ್ಟಣಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ, ಯಾವ ನೆಲ ಯಾವುದಕ್ಕೆ ಎಂದು ನಿರ್ಧರಿಸುವ ಗೆರೆಯನ್ನು ಯಾವ ಕಾಲದಲ್ಲಿ ಯಾರು ಎಳೆದರು ಎಂಬುದು ಸ್ಪಷ್ಟವಾಗುತ್ತದೆ.

ಕೋಟೆಯ ನೆರಳಿನ ಊರು

ಮೂರು ಪಟ್ಟಣಗಳ ಹುಟ್ಟು ಒಂದೇ ಬಗೆಯದಲ್ಲ. ನರಗುಂದ ಮತ್ತು ಗಜೇಂದ್ರಗಡ ಗುಡ್ಡದ ಕೋಟೆಯ ಕೆಳಗೆ ಬೆಳೆದ ಊರುಗಳು. ನರಗುಂದದಲ್ಲಿ ಭಾವೆ ಮನೆತನ, ಗಜೇಂದ್ರಗಡದಲ್ಲಿ ಘೋರ್ಪಡೆ ಮನೆತನ ಅಧಿಕಾರ ನಡೆಸಿದವು. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನರಗುಂದವನ್ನು ಮುತ್ತಿದ್ದು ಮರಾಠರೊಡನೆ ದೊಡ್ಡ ಯುದ್ಧಕ್ಕೆ ಕಾರಣವಾಯಿತು. ಆ ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಿಂದ. ರೋಣ ಇವೆರಡಕ್ಕಿಂತ ಭಿನ್ನ. ಎರೆಭೂಮಿಯ ಬಯಲಿನಲ್ಲಿ, ಹಳೆಯ ಗುಡಿಗಳ ನಡುವೆ ಬೆಳೆದ ಕಸಬೆ ಅದು. ದ್ರೋಣಾಚಾರ್ಯರ ಹೆಸರಿನಿಂದ ದ್ರೋಣಪುರ, ಅದರಿಂದ ರೋಣ ಆಯಿತೆಂಬುದು ಸ್ಥಳೀಯರ ನಂಬಿಕೆ.

ಈ ಊರುಗಳಿಗೆ ಆಗ ಯೋಜನಾ ನಕ್ಷೆ ಇರಲಿಲ್ಲ. ಆದರೆ ಎಲ್ಲಿ ಏನಿರಬೇಕೆಂಬ ಕಟ್ಟಳೆ ಇತ್ತು. ಕೋಟೆಯ ಬುಡದಲ್ಲಿ ವಾಡೆ, ಅದರ ಮುಂದೆ ಪೇಟೆ, ಪೇಟೆಯ ಬೆನ್ನಿಗೆ ಕಸುಬಿಗೊಂದು ಓಣಿ. ನೇಕಾರರದು ಒಂದೆಡೆ, ಬಡಿಗ ಕಮ್ಮಾರರದು ಇನ್ನೊಂದೆಡೆ. ಕಣಗಳು ಊರಂಚಿಗೆ, ಗೋಮಾಳ ಅದರಾಚೆ, ಸ್ಮಶಾನ ಇನ್ನೂ ಆಚೆ. ಕೆರೆಯ ಮೇಲ್ಭಾಗದಲ್ಲಿ ಹೊಲಸು ಮಾಡಬಾರದು, ನೀರು ಹರಿಯುವ ಹಳ್ಳದಲ್ಲಿ ಮನೆ ಕಟ್ಟಬಾರದು ಎಂಬುದು ಎಲ್ಲರಿಗೂ ತಿಳಿದಿದ್ದ ಸಂಗತಿ.

ಈ ಹಳೆಯ ವ್ಯವಸ್ಥೆಯನ್ನು ಹೊಗಳಿ ಬಿಟ್ಟರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನೀರು ನಿಲ್ಲುವ ತಗ್ಗು, ಚರ್ಮ ಹದಮಾಡುವ ಜಾಗ, ಊರಿನ ಹೊಲಸು ಬೀಳುವ ಮೂಲೆ ದಲಿತರ ಕೇರಿಯ ಪಾಲಿಗೆ ಬಂದದ್ದೂ ಅದೇ ಕಟ್ಟಳೆಯಿಂದ. ವಲಯ ವಿಂಗಡಣೆ ಎಂಬ ಶಬ್ದ ಹುಟ್ಟುವ ಎಷ್ಟೋ ಶತಮಾನ ಮೊದಲೇ ಜಾತಿ ಎಂಬುದು ಊರನ್ನು ವಲಯಗಳಾಗಿ ಹಂಚಿತ್ತು. ನೆಲದ ಮೇಲಿನ ಗೆರೆ ಎಂದೂ ಕೇವಲ ನೆಲದ ಮೇಲಿನ ಗೆರೆಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗಾವಠಾಣದ ಗೆರೆ

1858ರಲ್ಲಿ ನರಗುಂದದ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬ, ಬ್ರಿಟಿಷರ ವಿರುದ್ಧ ಬಂಡೆದ್ದು ಸೋತು ಬೆಳಗಾವಿಯಲ್ಲಿ ಗಲ್ಲಿಗೇರಿದ. ದತ್ತು ಸ್ವೀಕಾರಕ್ಕೆ ಕಂಪನಿ ಸರ್ಕಾರ ಒಪ್ಪಿಗೆ ಕೊಡದಿದ್ದುದು ಆ ಬಂಡಾಯದ ಕಾರಣಗಳಲ್ಲೊಂದು. ಸಂಸ್ಥಾನ ಮುಗಿದು ನರಗುಂದ ನೇರವಾಗಿ ಮುಂಬೈ ಪ್ರಾಂತದ ಆಡಳಿತಕ್ಕೆ ಸೇರಿತು. ಕೋಟೆಯ ಅಧಿಕಾರ ಹೋಗಿ ಕಚೇರಿಯ ಅಧಿಕಾರ ಬಂತು.

ಆ ಕಚೇರಿಯ ದೊಡ್ಡ ಅಸ್ತ್ರ ಸರ್ವೆ ಸರಪಳಿ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಮುಂಬೈ ಮಾದರಿಯ ಕಂದಾಯ ಮೋಜಣಿ 1840ರ ದಶಕದಲ್ಲಿ ಧಾರವಾಡ ಜಿಲ್ಲೆಗೆ ಕಾಲಿಟ್ಟಿತ್ತು. ಹೊಲಹೊಲಕ್ಕೆ ಸರ್ವೆ ನಂಬರು ಬಿತ್ತು, ಬಾಂದುಗಲ್ಲು ನೆಟ್ಟಿತು, ಮಣ್ಣಿನ ಗುಣ ನೋಡಿ ಆಕಾರ ನಿಗದಿಯಾಯಿತು. ಮನೆಗಳಿರುವ ಊರಿನ ಜಾಗವನ್ನು ಮಾತ್ರ ಈ ಸಾಗುವಳಿ ಲೆಕ್ಕದಿಂದ ಹೊರಗಿಟ್ಟು ಸುತ್ತ ಒಂದು ಗೆರೆ ಎಳೆದರು. ಅದೇ ಗಾವಠಾಣ. ಗೆರೆಯ ಒಳಗೆ ಊರು, ಹೊರಗೆ ಹೊಲ. ಈ ಭಾಗದ ಪಟ್ಟಣಗಳು ಕಂಡ ಮೊದಲ ಕಾನೂನುಬದ್ಧ ವಲಯ ನಕ್ಷೆ ಎಂದು ಇದನ್ನೇ ಕರೆಯಬೇಕು.

1879ರ ಮುಂಬೈ ಭೂಕಂದಾಯ ಸಂಹಿತೆ ಆ ಗೆರೆಗೆ ಬಲ ತುಂಬಿತು. ಬೇಸಾಯಕ್ಕೆಂದು ಆಕಾರ ಕಟ್ಟಿದ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಕಲೆಕ್ಟರರ ಅನುಮತಿ ಬೇಕೆಂದು ಅದರ 65ನೆಯ ಕಲಮು ವಿಧಿಸಿತು; ಅನುಮತಿಯಿಲ್ಲದೆ ಬಳಸಿದರೆ ದಂಡ ಬೀಳುತ್ತಿತ್ತು. ಈಗಲೂ ಗದಗ, ಧಾರವಾಡ ಭಾಗದ ಸಂತೆಯಲ್ಲಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದಿನ ಚಹಾ ಅಂಗಡಿಯಲ್ಲಿ ಕೇಳಿಬರುವ ‘ಎನ್.ಎ. ಆಗೇತೇನು?’ ಎಂಬ ಪ್ರಶ್ನೆಯ ಮೂಲ ಇದು. ಎನ್.ಎ. ಎಂದರೆ ಬೇಸಾಯೇತರ. ಉತಾರ, ಸಿಟಿ ಸರ್ವೆ, ಗಾವಠಾಣ ಮುಂತಾದ ಮಾತುಗಳಂತೆ ಇದೂ ಮುಂಬೈ ಆಡಳಿತ ಬಿಟ್ಟುಹೋದ ಬಳುವಳಿ. 1956ರಲ್ಲಿ ರಾಜ್ಯ ಒಂದಾಗಿ, 1964ರ ಭೂಕಂದಾಯ ಕಾಯ್ದೆ ಜಾರಿಗೆ ಬಂದ ಮೇಲೆ ಅದೇ ವಿಷಯ 95ನೆಯ ಕಲಮಿನಲ್ಲಿ ಸೇರಿತು. ಅನುಮತಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳದಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬ್ರಿಟಿಷರ ಗೆರೆಯ ಉದ್ದೇಶ ಊರನ್ನು ಸುಂದರಗೊಳಿಸುವುದಾಗಿರಲಿಲ್ಲ. ಹೊಲದ ಆದಾಯ ಒಂದು ಬಗೆ, ಮನೆ ಅಂಗಡಿಯ ಆದಾಯ ಇನ್ನೊಂದು ಬಗೆ; ಎರಡಕ್ಕೂ ತೆರಿಗೆ ಬೇರೆ ಬೇರೆ. ಬಳಕೆ ಬದಲಾದರೆ ಖಜಾನೆಗೆ ಗೊತ್ತಾಗಬೇಕು, ಅಷ್ಟೇ. ಮೋಜಣಿದಾರ ಹೊಲದ ಮಣ್ಣನ್ನು ಕೆದಕಿ ನೋಡಿದ, ದರ್ಜೆ ಬರೆದುಕೊಂಡ. ಗಾವಠಾಣದೊಳಗಿನ ನೆಲಕ್ಕೆ ಆಕಾರವಿಲ್ಲವಾದ್ದರಿಂದ ಅದರ ಅಡಿಯಲ್ಲಿ ಏನಿದೆ ಎಂದು ಕೇಳುವ ಅಗತ್ಯ ಅವನಿಗೆ ಬೀಳಲಿಲ್ಲ. ಹಗೇವುಗಳು ನಕ್ಷೆಯಿಂದ ಹೊರಗುಳಿದದ್ದು ಹಾಗೆ.

ರೈಲು ಇನ್ನೊಂದು ಬಗೆಯಲ್ಲಿ ಈ ಊರುಗಳ ಹಣೆಬರಹ ಬರೆಯಿತು. 1884ರಲ್ಲಿ ಗದಗ–ಹೋಟಗಿ ಮಾರ್ಗ ತೆರೆದಾಗ ಅದು ರೋಣ ತಾಲ್ಲೂಕಿನೊಳಗೆ ಹಾದುಹೋಯಿತೇ ಹೊರತು ರೋಣ ಪಟ್ಟಣವನ್ನು ಮುಟ್ಟಲಿಲ್ಲ. ನರಗುಂದ, ಗಜೇಂದ್ರಗಡಗಳು ಇನ್ನೂ ದೂರ ಉಳಿದವು. ಹತ್ತಿಯ ದೊಡ್ಡ ವ್ಯಾಪಾರ ಗದಗ, ಹುಬ್ಬಳ್ಳಿಗಳ ಪಾಲಾಯಿತು. ಮೂರೂ ಪಟ್ಟಣಗಳು ಬಹುಕಾಲ ಗಾವಠಾಣದ ಗೆರೆಯನ್ನು ಹೆಚ್ಚು ದಾಟದೆ, ಅರ್ಧ ಊರು ಅರ್ಧ ಹೊಲವಾಗಿಯೇ ಇದ್ದವು.

ಕಾಲುವೆ ತಂದ ಬದಲಾವಣೆ

ಸ್ವಾತಂತ್ರ್ಯಾನಂತರ ಈ ಸೀಮೆಯ ಭೂಬಳಕೆಯನ್ನು ಬುಡಮೇಲು ಮಾಡಿದ್ದು ಪಟ್ಟಣ ಯೋಜನೆಯಲ್ಲ, ಮಲಪ್ರಭೆಯ ನೀರು. ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಸಿದ್ಧವಾದ ಮೇಲೆ ನರಗುಂದ, ನವಲಗುಂದ, ರೋಣ ಭಾಗದ ಒಣಬೇಸಾಯದ ಎರೆಹೊಲಗಳಿಗೆ ಕಾಲುವೆ ಬಂತು. ನೀರಾವರಿಗೆ ಒಳಪಟ್ಟ ಭೂಮಿಯ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ಒಂದು ಪಾಲು ಸರ್ಕಾರಕ್ಕೆ ಸಲ್ಲಬೇಕು ಎಂಬ ತರ್ಕ 1957ರ ಕಾಯ್ದೆಯೊಂದರಲ್ಲಿ ಮೊದಲೇ ಇತ್ತು. ಅದರ ಹೆಸರು ಬೆಟರ್‌ಮೆಂಟ್ ಲೆವಿ.

ರೈತರ ಅನುಭವ ಬೇರೆಯಿತ್ತು. ನೀರು ಎಲ್ಲರ ಹೊಲಕ್ಕೂ ಸರಿಯಾಗಿ ತಲುಪಿರಲಿಲ್ಲ. ಹತ್ತಿಯ ಬೆಲೆ ಬಿದ್ದಿತ್ತು. ಕರ ಮಾತ್ರ ಬಿಡದೆ ಬಂತು. ನಕ್ಷೆಯಲ್ಲಿ ಅಚ್ಚುಕಟ್ಟು ಪ್ರದೇಶವೆಂದು ಗುರುತಾದ ಹೊಲದ ಯಜಮಾನ, ನೀರು ಕಾಣಲಿ ಬಿಡಲಿ, ‘ಉದ್ಧಾರವಾದವನು’ ಎಂದು ಲೆಕ್ಕಕ್ಕೆ ಸೇರಿದ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಆ ಸಿಟ್ಟು ಸಿಡಿಯಿತು. ಗೋಲಿಬಾರಿನಲ್ಲಿ ರೈತರು ಸತ್ತರು. ಗಲಭೆಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ರಾಜ್ಯ ರೈತ ಸಂಘದ ಹುಟ್ಟಿಗೂ 1983ರ ರಾಜಕೀಯ ಪಲ್ಲಟಕ್ಕೂ ಈ ಘಟನೆಯಿಂದ ಬಲ ಬಂತು. ಪ್ರತಿ ವರ್ಷ ಜುಲೈ 21ರಂದು ನರಗುಂದದ ರೈತ ವೀರಗಲ್ಲಿಗೆ ಮಾಲೆ ಬೀಳುತ್ತದೆ.

ಈ ಬಂಡಾಯವನ್ನು ಸಾಮಾನ್ಯವಾಗಿ ರೈತ ಚಳವಳಿಯ ಅಧ್ಯಾಯವೆಂದು ಓದುತ್ತಾರೆ. ಅದು ಭೂಬಳಕೆಯ ಚರಿತ್ರೆಯ ಅಧ್ಯಾಯವೂ ಹೌದು. ಸಾರ್ವಜನಿಕ ಹಣದಿಂದ ಆದ ಕೆಲಸದಿಂದ ಒಬ್ಬನ ನೆಲದ ಬೆಲೆ ಏರಿದರೆ ಆ ಹೆಚ್ಚಳ ಯಾರದು? ಏರಿಕೆಯನ್ನು ಅಳೆಯುವವರು ಯಾರು? ಏರಿಯೇ ಇಲ್ಲ ಎನ್ನುವವನ ಮಾತನ್ನು ಕೇಳುವವರು ಯಾರು? ಪಟ್ಟಣ ಯೋಜನೆಯ ಬುಡದಲ್ಲಿರುವುದೂ ಇವೇ ಪ್ರಶ್ನೆಗಳು.

ಕಾಲುವೆಯ ಇನ್ನೊಂದು ಪರಿಣಾಮ ಯಾವ ಕರದ ನೋಟೀಸಿನಲ್ಲೂ ಬರಲಿಲ್ಲ. ಎರೆಮಣ್ಣು ನೀರನ್ನು ಹೀರಿ ಹಿಡಿದಿಡುವ ಮಣ್ಣು. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬಸಿಗಾಲುವೆ ಸಾಲದ ಕಡೆ ವರ್ಷವರ್ಷವೂ ನೀರುಣಿಸಿದರೆ ಅಂತರ್ಜಲ ಮೇಲಕ್ಕೇರುತ್ತದೆ. ಹಾಗೆ ಏರಿದ ನೀರು ಪುರಸಭೆಯ ಗಡಿಗಲ್ಲನ್ನು ನೋಡಿ ನಿಲ್ಲುವುದಿಲ್ಲ. ಒಣನೆಲವನ್ನು ನಂಬಿ ತೋಡಿದ ಹಗೇವಿನ ಗೋಡೆಗೆ ತೇವ ತಾಗಿದರೆ ಗಟ್ಟಿ ಮಣ್ಣು ಮೆತ್ತಗಾಗುತ್ತದೆ. ಮೇಲೆ ಮನೆಯ ಭಾರ, ಕೆಳಗೆ ಟೊಳ್ಳು. ಒಂದು ಜೋರು ಮಳೆಗಾಲ ಸಾಕು.

ಬಣ್ಣದ ನಕ್ಷೆ

ಪಟ್ಟಣ ಯೋಜನೆಯ ಕಾನೂನು ಭಾರತಕ್ಕೆ ಬಂದದ್ದು ಮುಂಬೈ ಪ್ರಾಂತದ ಮೂಲಕ. ಇಂಗ್ಲೆಂಡಿನಲ್ಲಿ 1909ರಲ್ಲಿ ವಸತಿ ಮತ್ತು ಪಟ್ಟಣ ಯೋಜನೆಯ ಕಾಯ್ದೆ ಬಂದಿತ್ತು. 1915ರಲ್ಲಿ ಮುಂಬೈ ಪಟ್ಟಣ ಯೋಜನಾ ಕಾಯ್ದೆ ಜಾರಿಯಾಯಿತು. ಮರುವರ್ಷ, 1916ರಲ್ಲಿ, ನ್ಯೂಯಾರ್ಕ್ ನಗರ ಗಗನಚುಂಬಿಗಳ ನೆರಳಿನಿಂದ ಬೀದಿಗಳನ್ನು ಕಾಪಾಡಲು ಇಡೀ ನಗರಕ್ಕೆ ಅನ್ವಯಿಸುವ ವಲಯ ನಿಯಮಗಳನ್ನು ಮಾಡಿತು. ವಸತಿ ಇಲ್ಲಿ, ವ್ಯಾಪಾರ ಅಲ್ಲಿ, ಕಾರ್ಖಾನೆ ಇನ್ನೆಲ್ಲೋ ಎಂಬ ವಿಂಗಡಣೆ ಅಲ್ಲಿಂದ ಮುಂದೆ ಜಗತ್ತಿನ ಬಹುಪಾಲು ನಗರಗಳ ಪದ್ಧತಿಯಾಯಿತು.

ಅದೇ ವರ್ಷಗಳಲ್ಲಿ ಇನ್ನೊಂದು ಬಗೆಯ ವಿಚಾರವೂ ಈ ನಾಡಿನ ಹತ್ತಿರವೇ ಸುಳಿದುಹೋಯಿತು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ 1914–15ರಲ್ಲಿ ಮದರಾಸು ಪ್ರಾಂತದ ಊರುಗಳನ್ನು ನೋಡುತ್ತ, ಆಗ ಆ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಗೂ ಬಂದ. ಆತ ಮೂಲತಃ ಜೀವವಿಜ್ಞಾನಿ. ಹಳೆಯ ಓಣಿಗಳನ್ನು ಕೆಡವಿ ನೇರ ರಸ್ತೆ ಹಾಯಿಸುವ ಎಂಜಿನಿಯರರ ಆತುರ ಅವನಿಗೆ ಹಿಡಿಸಲಿಲ್ಲ. ಊರನ್ನು ಮೊದಲು ಕಾಲ್ನಡಿಗೆಯಲ್ಲಿ ನೋಡಬೇಕು, ಅದರ ಬಾವಿ, ಕೆರೆ, ಗುಡಿ, ಕಸುಬು, ಚರಿತ್ರೆಗಳನ್ನು ಸಮೀಕ್ಷೆ ಮಾಡಬೇಕು, ಯೋಜನೆಯ ಮಾತು ಆಮೇಲೆ ಎಂಬುದು ಅವನ ನಿಲುವು. ರೋಗ ತಿಳಿಯದೆ ಕತ್ತರಿ ಹಿಡಿಯಬಾರದು ಎಂಬ ವೈದ್ಯನ ವಿವೇಕ ಅದು.

ಕರ್ನಾಟಕದಲ್ಲಿ ಈಗ ನಡೆಯುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ. 1965ರಲ್ಲಿ ಜಾರಿಗೆ ಬಂದ ಈ ಕಾಯ್ದೆಯಂತೆ ಸರ್ಕಾರ ಮೊದಲು ಒಂದು ಊರು ಮತ್ತು ಅದರ ಸುತ್ತಲಿನ ಹಳ್ಳಿಗಳನ್ನು ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿಸುತ್ತದೆ. ಸಣ್ಣ ಪಟ್ಟಣಗಳಲ್ಲಿ ಪುರಸಭೆಯೇ ಯೋಜನಾ ಪ್ರಾಧಿಕಾರವಾಗಬಹುದು. ಈಗಿನ ಭೂಬಳಕೆಯ ಸಮೀಕ್ಷೆ ನಡೆಸಿ, ಮುಂದಿನ ವರ್ಷಗಳ ಜನಸಂಖ್ಯೆ ಅಂದಾಜಿಸಿ ನಕ್ಷೆ ತಯಾರಿಸುತ್ತಾರೆ. ಮೊದಲು ರೂಪುರೇಷೆ ಯೋಜನೆ, ನಂತರ ಸಮಗ್ರ ಅಭಿವೃದ್ಧಿ ಯೋಜನೆ ಎಂಬ ಎರಡು ಹಂತಗಳಿದ್ದವು. ತಿದ್ದುಪಡಿಯೊಂದರ ಮೂಲಕ 2005ರಿಂದ ಎರಡನ್ನೂ ಸೇರಿಸಿ ಮಾಸ್ಟರ್ ಪ್ಲ್ಯಾನ್ ಎಂದು ಕರೆಯಲಾಗುತ್ತಿದೆ.

ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಕಟ್ಟಡಗಳು, ಹಸಿರು ಉದ್ಯಾನ. ಉಳಿದದ್ದು ಕೃಷಿ ವಲಯ. ಈ ಬಣ್ಣಗಳು ಬರಿಯ ಅಲಂಕಾರವಲ್ಲ. ಹೊಲಕ್ಕೆ ನಕ್ಷೆಯಲ್ಲಿ ಹಳದಿ ಬಿದ್ದು, ಮಾಲೀಕ ಅದೇ ಉದ್ದೇಶಕ್ಕೆ ಎನ್.ಎ. ಕೇಳಿದರೆ ಕೊಡಲೇಬೇಕೆಂದು ಭೂಕಂದಾಯ ಕಾಯ್ದೆಗೆ ಸೇರಿಸಿದ ಉಪಕಲಮು ಹೇಳುತ್ತದೆ. ಹೀಗಾಗಿ 1879ರ ಗೆರೆಯ ಮೇಲೆ 1961ರ ಬಣ್ಣ ಸವಾರಿ ಮಾಡುತ್ತದೆ. ಒಂದೇ ಬದುವಿನ ಎರಡು ಬದಿಯ ಹೊಲಗಳಲ್ಲಿ ಒಂದಕ್ಕೆ ಎಕರೆಯ ಲೆಕ್ಕದಲ್ಲಿ ಬೆಲೆ, ಇನ್ನೊಂದಕ್ಕೆ ಚದರಡಿಯ ಲೆಕ್ಕದಲ್ಲಿ ಬೆಲೆ ಬರುವುದು ಈ ಕಾರಣದಿಂದ. ಎರಡರಲ್ಲೂ ಮಣ್ಣು ಒಂದೇ, ಮಳೆ ಒಂದೇ.

ನಕ್ಷೆ ಒಮ್ಮೆ ಅಂತಿಮವಾದ ಮೇಲೂ ಬಣ್ಣ ಬದಲಿಸಲು ದಾರಿಯಿದೆ. ನಕ್ಷೆ ತಯಾರಿಕೆಯಲ್ಲಿ ಆದ ತಪ್ಪು, ಯೋಜನೆ ಜಾರಿಗೊಳಿಸುವಾಗ ಎದುರಾದ ಬದಲಾವಣೆ, ಆಯಾ ಕಾಲದ ಪರಿಸ್ಥಿತಿ ಮುಂತಾದ ಕಾರಣಗಳಿಗಾಗಿ 14-ಎ ಕಲಮಿನಂತೆ ಭೂಬಳಕೆ ಬದಲಾವಣೆಗೆ ಅವಕಾಶ ಉಂಟು. ಆದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು, ಬದಲಾವಣೆಯಿಂದ ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗಬಾರದು. ಬಳಕೆ ಬದಲಾದ್ದರಿಂದ ನೆಲದ ಬೆಲೆ ಏರಿದರೆ, ಆ ಏರಿಕೆಯ ಮೂರನೆಯ ಒಂದು ಭಾಗಕ್ಕೆ ಮೀರದಂತೆ ಶುಲ್ಕ ವಸೂಲಿಗೂ ಕಾಯ್ದೆ ಅವಕಾಶವಿತ್ತಿದೆ. ತರ್ಕ ನೋಡಿದರೆ ಇದು 1980ರ ಲೆವಿಯ ಒಡಹುಟ್ಟಿದ ತಮ್ಮ. ಕಾಲುವೆಯ ಹೊಲದಲ್ಲಿ ಏರಿಕೆಯ ಫಲ ಉಣ್ಣಲು ರೈತ ಬೆವರು ಹರಿಸಬೇಕಿತ್ತು, ಬೆಳೆ ಕೈಹಿಡಿಯಬೇಕಿತ್ತು. ಬಣ್ಣ ಬದಲಾದ ಹೊಲದಲ್ಲಿ ಬೆಲೆ ಕೂತಲ್ಲೇ ಏರುತ್ತದೆ. ಮೊದಲನೆಯದಕ್ಕಾಗಿ ಜೀವಗಳು ಹೋದವು. ಎರಡನೆಯದು ಕಚೇರಿಯ ಚಲನ್ನಿನಲ್ಲಿ ಸದ್ದಿಲ್ಲದೆ ಮುಗಿಯುತ್ತದೆ.

ಬಣ್ಣಕ್ಕೆ ಸಿಗದ ಬದುಕು

2011ರ ಜನಗಣತಿಯಂತೆ ನರಗುಂದದಲ್ಲಿ ಸುಮಾರು 36 ಸಾವಿರ, ಗಜೇಂದ್ರಗಡದಲ್ಲಿ 32 ಸಾವಿರ, ರೋಣದಲ್ಲಿ 23 ಸಾವಿರ ಜನರಿದ್ದರು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು; 2018ರಲ್ಲಿ ಗಜೇಂದ್ರಗಡ ರೋಣದಿಂದ ಬೇರೆಯಾಗಿ ಹೊಸ ತಾಲ್ಲೂಕಾಯಿತು. ತಾಲ್ಲೂಕು ಕೇಂದ್ರವೆಂದರೆ ಹೊಸ ಕಚೇರಿ, ಹೊಸ ನೌಕರರು, ಹೊಸ ಪ್ಲಾಟುಗಳು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ ನರಗುಂದವನ್ನು ಹಾಯ್ದುಹೋಗುತ್ತದೆ. ಹೆದ್ದಾರಿಯ ಬದಿಯ ಹೊಲಕ್ಕೆ ಅಂಗಡಿ, ಡಾಬಾ, ಗೋದಾಮಿನ ಆಸೆ ಸಹಜ. ಗಜೇಂದ್ರಗಡದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಕುರಿ ಮೇಯುತ್ತಿದ್ದ ಗುಡ್ಡ ವಿದ್ಯುತ್ತು ಬೆಳೆಯುವ ಗುಡ್ಡವಾದದ್ದೂ ಭೂಬಳಕೆಯ ಬದಲಾವಣೆಯೇ.

ಇಂಥ ಪಟ್ಟಣಗಳಿಗೆ ಮಹಾನಗರದ ಅಳತೆಯ ವಲಯ ವಿಂಗಡಣೆ ಹೊಂದಿಸುವುದು ಸುಲಭವಲ್ಲ. ಗಜೇಂದ್ರಗಡ ಕೈಮಗ್ಗದ ಸೀರೆಗೆ ಹೆಸರಾದ ಊರು. ಕುಣಿಮಗ್ಗ ಇರುವುದು ಮನೆಯ ಪಡಸಾಲೆಯಲ್ಲಿ. ಗಂಡ ನೇಯುತ್ತಾನೆ, ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಅಲ್ಲೇ ಒಲೆ, ಅಲ್ಲೇ ತೊಟ್ಟಿಲು. ಈ ಮನೆಗೆ ಹಳದಿ ಹಚ್ಚಬೇಕೋ ನೇರಳೆಯೋ? ವಸತಿ ವಲಯದಲ್ಲಿ ಗೃಹ ಕೈಗಾರಿಕೆಗೆ ಸಾಮಾನ್ಯವಾಗಿ ಅವಕಾಶವಿರುತ್ತದೆ. ಮಗ್ಗಕ್ಕೆ ಮೋಟಾರು ಜೋಡಿಸಿದ ದಿನ ಸದ್ದು, ಅಶ್ವಶಕ್ತಿ, ಪರವಾನಗಿಗಳ ಲೆಕ್ಕ ಶುರುವಾಗುತ್ತದೆ. ರೋಣದ ಬೀದಿಯಲ್ಲಿ ಮನೆಯ ಮುಂದೆ ಎತ್ತು, ಹಿತ್ತಲಲ್ಲಿ ಮೇವಿನ ಬಣವೆ ಇರುವ ಕುಟುಂಬ ಪಟ್ಟಣದ್ದೋ ಹೊಲದ್ದೋ ಎಂದು ಕೇಳಿದರೆ ಎರಡಕ್ಕೂ ಹೌದೆನ್ನಬೇಕಾಗುತ್ತದೆ. ಹಳೆಯ ಗುಡಿಗಳ ಈ ಸೀಮೆಯಲ್ಲಿ ಇನ್ನೊಂದು ಕಟ್ಟುಪಾಡೂ ಇದೆ: 2010ರ ತಿದ್ದುಪಡಿಯಂತೆ ರಾಷ್ಟ್ರೀಯ ಮಹತ್ವದ ಸ್ಮಾರಕವೆಂದು ಘೋಷಿತವಾದ ಕಟ್ಟಡದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ.

ಬಡವರ ಪಾಲಿಗೆ ತೊಡಕು ಇನ್ನೂ ಹೆಚ್ಚು. ಎನ್.ಎ. ಆದ, ಅನುಮೋದಿತ ವಿನ್ಯಾಸದ ಪ್ಲಾಟು ಅವರ ಕೈಗೆ ಎಟುಕುವುದಿಲ್ಲ. ಆದ್ದರಿಂದ ಹೊಲವನ್ನೇ ಗುಂಟೆ ಲೆಕ್ಕದಲ್ಲಿ ಹಂಚಿದ ಜಾಗ ಕೊಳ್ಳುತ್ತಾರೆ. ರಸ್ತೆ ಇಲ್ಲ, ಚರಂಡಿ ಇಲ್ಲ, ಉತಾರದಲ್ಲಿ ಹೆಸರು ಏರುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ಮನೆ ಕಟ್ಟಿದ ಮೇಲೆ ಸಕ್ರಮದ ಕನಸು ಕಾಣುತ್ತ ಕೂರುತ್ತಾರೆ. ಉದ್ಯಾನ, ರಸ್ತೆಗಳಿಗೆ ನಕ್ಷೆಯಲ್ಲಿ ಕಾಯ್ದಿರಿಸಿದ ಹೊಲದ ಸಣ್ಣ ರೈತನ ಪಾಡೂ ಕಷ್ಟದ್ದೇ: ನಿಗದಿತ ಅವಧಿಯೊಳಗೆ ಸ್ವಾಧೀನವಾಗದಿದ್ದರೆ ಮೀಸಲು ರದ್ದಾಗುತ್ತದೆಂದು ಕಾಯ್ದೆ ಹೇಳುತ್ತದೆ, ಅಲ್ಲಿಯವರೆಗೆ ಆ ಹೊಲವನ್ನು ಒಳ್ಳೆಯ ಬೆಲೆಗೆ ಕೊಳ್ಳುವವರು ಸಿಗುವುದಿಲ್ಲ.

ಕೇಳುವ ಕಿವಿ

1992ರ ಸಂವಿಧಾನದ 74ನೆಯ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿತು. ನಗರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಆ ಪಟ್ಟಿಯಲ್ಲಿ ಮೊದಲನೆಯದು ಪಟ್ಟಣ ಯೋಜನೆ, ಎರಡನೆಯದು ಭೂಬಳಕೆಯ ನಿಯಂತ್ರಣ. ಊರಿನ ನೆಲ ಯಾವುದಕ್ಕೆ ಎಂಬುದನ್ನು ಊರೇ ನಿರ್ಧರಿಸಲಿ ಎಂಬ ಆಶಯ ಅದರಲ್ಲಿದೆ. ಆದರೂ ಯೋಜನೆಗೆ ಕೊನೆಯ ಮುದ್ರೆ ಬೀಳುವುದು ಬೆಂಗಳೂರಿನಲ್ಲಿ. ನಕ್ಷೆ ಬಿಡಿಸುವ ಪರಿಣತರು ಸಣ್ಣ ಪುರಸಭೆಗಳಲ್ಲಿ ವಿರಳ. ಉಪಗ್ರಹ ಚಿತ್ರ, ಕಂಪ್ಯೂಟರ್‌ಗಳ ನೆರವಿನಿಂದ ದೂರದ ಕಚೇರಿಯಲ್ಲಿ ತಯಾರಾದ ನಕ್ಷೆ ಊರಿಗೆ ಬರುವುದು ಆಕ್ಷೇಪಣೆಯ ಹಂತದಲ್ಲಿ.

ಜನರ ಮಾತಿಗೆ ಕಾಯ್ದೆಯೇ ತೆರೆದಿಟ್ಟ ಬಾಗಿಲು ಆ ಹಂತ. ಕಚೇರಿಯ ಗೋಡೆಗೆ ನಕ್ಷೆ ತೂಗುಹಾಕಿ, ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಹಾಕಿದರೆ ಕಾನೂನಿನ ವಿಧಿ ಪೂರೈಸುತ್ತದೆ. ಸರ್ವೆ ನಂಬರುಗಳ ಆ ಉದ್ದನೆಯ ಪಟ್ಟಿಯನ್ನು ಓದಿ ತಮ್ಮ ಹೊಲ ಗುರುತಿಸುವವರು ಸಾಮಾನ್ಯವಾಗಿ ಪ್ಲಾಟಿನ ವ್ಯಾಪಾರ ಬಲ್ಲವರು. ಹಗೇದಕಟ್ಟಿಯಲ್ಲಿ ವಾಸಿಸುವವರಿಗೆ ಅದು ತಮಗೆ ಸಂಬಂಧಿಸಿದ್ದೆಂದು ಅನಿಸುವುದೂ ಇಲ್ಲ. ಅವರ ಓಣಿಗೆ ಎಂದಿನಂತೆ ಹಳದಿ ಬಿದ್ದಿರುತ್ತದೆ.

ಉಪಗ್ರಹದ ಕಣ್ಣು ಮಾಳಿಗೆಯನ್ನು ಕಾಣುತ್ತದೆ, ನೆಲದಡಿಯ ಹಗೇವನ್ನು ಕಾಣದು. ಅದನ್ನು ಬಲ್ಲವರು ಓಣಿಯ ಹಿರಿಯರು. ಯಾರ ಮನೆಯ ಮುಂದೆ ಎಷ್ಟು ಹಗೇವುಗಳಿದ್ದವು, ಯಾವುದನ್ನು ಯಾವಾಗ ಮುಚ್ಚಿದರು, ಮಳೆಯ ನೀರು ಹಿಂದೆ ಯಾವ ದಾರಿಯಲ್ಲಿ ಇಳಿದುಹೋಗುತ್ತಿತ್ತು ಎಂಬುದು ಅವರ ನೆನಪಿನಲ್ಲಿದೆ. ಗೆಡ್ಡಿಸ್ ಹೇಳಿದ ಕಾಲ್ನಡಿಗೆಯ ಸಮೀಕ್ಷೆಗೆ ಹೆಚ್ಚಿನ ಹಣ ಬೇಡ. ಪುರಸಭೆಯ ಒಬ್ಬ ಸಿಬ್ಬಂದಿ, ಕಾಲೇಜಿನ ಭೂಗೋಳ ವಿಭಾಗದ ನಾಲ್ಕು ವಿದ್ಯಾರ್ಥಿಗಳು, ಒಂದು ಬೇಸಿಗೆ ಸಾಕು. ಓಣಿಯ ಕಟ್ಟೆಗಳ ಮೇಲೆ ಕುಳಿತು ಕೇಳಿ ಬರೆದುಕೊಂಡ ಮಾಹಿತಿಯನ್ನು ಭೂವಿಜ್ಞಾನಿಗಳ ಉಪಕರಣಗಳಿಂದ ಪರೀಕ್ಷಿಸಿ ನಕ್ಷೆಯ ಮೇಲೆ ಗುರುತು ಹಾಕಿದರೆ, ಎಲ್ಲಿ ಎರಡನೆಯ ಮಹಡಿಗೆ ಪರವಾನಗಿ ಕೊಡಬಾರದು, ಎಲ್ಲಿ ಮೊದಲು ಟೊಳ್ಳು ತುಂಬಬೇಕು ಎಂಬುದು ತಿಳಿಯುತ್ತದೆ. ಊರ ಸುತ್ತಲಿನ ನೀರಾವರಿ ಹೊಲಗಳ ಬಸಿಗಾಲುವೆಗಳೂ ಅದೇ ಹಾಳೆಯಲ್ಲಿ ಬರಬೇಕು, ಏಕೆಂದರೆ ಓಣಿಯನ್ನು ಕುಸಿಯುವಂತೆ ಮಾಡಿದ ನೀರು ಬಂದದ್ದು ಅಲ್ಲಿಂದಲೂ ಹೌದು.

ಹಗೇವು ತೋಡಿ ಅದರಲ್ಲಿ ಜೋಳ ತುಂಬಿದವರ ಪೀಳಿಗೆ ಮುಗಿಯುತ್ತ ಬಂದಿದೆ. ತೆರೆದ ಹಗೇವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುತ್ತಿದ್ದವರು ಅವರು. ಅವರಲ್ಲಿ ಉಳಿದವರನ್ನು ಕೇಳಿ ಬರೆದುಕೊಳ್ಳುವ ಕೆಲಸ, ಹೊಸ ನಕ್ಷೆಗೆ ಬಣ್ಣ ತುಂಬುವ ಮೊದಲೇ ಆಗಬೇಕಾಗಿದೆ.